ಬೇರಿಂಗ್ ಗಾಡಿ ಓಡಿಸಿದವರೇ, ಒಂದು ಭಾನುವಾರ ಕೊಡಿ!

ಮೊನ್ನೆ ಸಾಯಂಕಾಲ ಜಾಲಹಳ್ಳಿ ಕ್ರಾಸಿನಲ್ಲಿ ಬಸ್ಸು ಹತ್ತಿದೆ. ಮುಂದಿನ ಸೀಟಿನಲ್ಲಿ ಅಪ್ಪ-ಮಗ ಕೂತಿದ್ದರು. ಹುಡುಗನ ಕೈಯಲ್ಲಿ ಸ್ಕೂಲಿನದೊಂದು ಫಾರಂ. "ಅಪ್ಪಾ, ತಂದೆಯ ಉದ್ಯೋಗ ಅಂತ ಇದೆ, ಏನು ಬರೀಲಿ?" ಅಂದ. ಅಪ್ಪ ಕಿಟಕಿ ಕಡೆ ನೋಡುತ್ತಾ, "ಪ್ರೈವೇಟ್ ಕೆಲಸ ಅಂತ ಬರಿ" ಅಂದರು. ಅವರ ಉಗುರಿನ ಸಂದಿಯಲ್ಲಿ ಎಣ್ಣೆಯ ಕಪ್ಪು ಇನ್ನೂ ಹಾಗೇ ಇತ್ತು. ದಿನವೆಲ್ಲ ಲೇತ್ ಮುಂದೆ ನಿಂತು ಕೂದಲೆಳೆಯ ಲೆಕ್ಕದಲ್ಲಿ ಕಬ್ಬಿಣ ಕಡೆಯುವ ಮನುಷ್ಯ, ಸ್ವಂತ ಮಗನ ಎದುರು ಬರೀ 'ಪ್ರೈವೇಟ್'!

ಇದು ಒಬ್ಬರ ಕಥೆ ಅಲ್ಲ ಸ್ವಾಮಿ. ಪೀಣ್ಯದ ಮೊದಲನೇ ಹಂತದಿಂದ ಹಿಡಿದು ದಾಸರಹಳ್ಳಿಯ ಗಲ್ಲಿಗಳವರೆಗೆ ಸಾವಿರಾರು ಮನೆಗಳ ಕಥೆ. ಅಪ್ಪ ಏನು ಮಾಡ್ತಾರೆ ಅನ್ನೋದು ಮಕ್ಕಳಿಗೆ ಗೊತ್ತಿಲ್ಲ. ಶೆಡ್ಡಿನ ಒಳಗೆ ಮಕ್ಕಳು ಕಾಲಿಡುವುದು ವರ್ಷಕ್ಕೆ ಒಂದೇ ದಿನ, ಆಯುಧಪೂಜೆಗೆ. ಅವತ್ತು ಮೆಷೀನಿಗೆ ಕುಂಕುಮ ಹಚ್ಚಿರುತ್ತೆ, ಬಾಳೆಕಂದು ಕಟ್ಟಿರುತ್ತೆ, ಪುರಿ-ಕಡಲೆ ಪೊಟ್ಟಣ ಸಿಗುತ್ತೆ. ಆದರೆ ಮೆಷೀನು ಮಾತ್ರ ನಿಂತಿರುತ್ತೆ!

ಅದಕ್ಕೇ ಈ ಅಂಕಣದ್ದು ಒಂದು ಸಲಹೆ. ಬರುವ ಆಯುಧಪೂಜೆ ಮುಗಿದ ಭಾನುವಾರ ಪೀಣ್ಯದಲ್ಲಿ ಮರದ ಪುಟ್ಟ ಕಾರುಗಳ ಓಟ ನಡೀಲಿ. ಅಂಗಡಿಯಲ್ಲಿ ಕೊಂಡ ಕಾರಲ್ಲ, ಮಕ್ಕಳು ತಾವೇ ಮಾಡಿದ ಕಾರು.

"ಇದೇನು ಹೊಸ ಹುಚ್ಚು?" ಅಂತ ಕೇಳಬೇಡಿ. ಗ್ಯಾರೇಜಿನವನನ್ನು ಕಾಡಿ ಬೇಡಿ ಹಳೇ ಬೇರಿಂಗ್ ತಂದು, ಹಲಗೆಗೆ ಸಿಕ್ಕಿಸಿ, ಇಳಿಜಾರಿನಲ್ಲಿ ಗರಗರ ಅಂತ ಗಾಡಿ ಬಿಟ್ಟು ಮಂಡಿ ಕೆತ್ತಿಸಿಕೊಂಡವರು ನೀವೇ ಅಲ್ಲವೆ? ಈಗ ಅಂಥ ಖಾಲಿ ರಸ್ತೆ ಎಲ್ಲಿದೆ? ಗಾಡಿ ಚಿಕ್ಕದಾಗಬೇಕು, ದಾರಿ ಮೇಜಿನ ಮೇಲಿಂದ ಇಳಿಯಬೇಕು, ಅಷ್ಟೆ.

ಹೊರದೇಶದಲ್ಲೂ ಇದನ್ನು ಶುರು ಮಾಡಿದವರು ಕಾರ್ಖಾನೆಯವರೇ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವಿಮಾನ ಕಂಪನಿಯಲ್ಲಿ ಕೆಲಸಕ್ಕಿದ್ದ ಡಾನ್ ಮರ್ಫಿ ಎಂಬಾತನ ಮಗನಿಗೆ, ಮಕ್ಕಳು ಒಳಗೆ ಕೂತು ಓಡಿಸುವ ಗಾಡಿಗಳ ಪಂದ್ಯಕ್ಕೆ ಸೇರುವ ವಯಸ್ಸಾಗಿರಲಿಲ್ಲ. ಅಪ್ಪ ಯೋಚನೆ ಮಾಡಿದ. ಅಂಗೈಗೆ ಕೂರುವ ಪೈನ್ ಮರದ ತುಂಡು, ನಾಲ್ಕು ಗಾಲಿ, ಇಳಿಜಾರಿನ ಹಲಗೆ. 1953ರಲ್ಲಿ ಸ್ಕೌಟ್ ಮಕ್ಕಳಿಗೆ ಮೊದಲ ಪಂದ್ಯ ನಡೆಸಿಯೇ ಬಿಟ್ಟ. ಇಂಜಿನ್ ಇಲ್ಲ, ಬ್ಯಾಟರಿ ಇಲ್ಲ, ಭೂಮಿ ಎಳೆಯುವ ಶಕ್ತಿ ಒಂದೇ. ಇವತ್ತಿಗೂ ಅಲ್ಲಿ ಆ ಆಟ ನಿಂತಿಲ್ಲ.

ನಮಗೇನು ಕೊರತೆ ಹೇಳಿ? ಮೆಷೀನು ಬರುವ ಪೈನ್ ಮರದ ಪ್ಯಾಕಿಂಗ್ ಪೆಟ್ಟಿಗೆಗಳು ಇಲ್ಲಿ ಒಡೆದು ಬಿದ್ದಿರುತ್ತವೆ. ಗಾಲಿ ಬೇಕೆ? ಮೈಸೂರು ರಸ್ತೆಯಲ್ಲಿ 60 ಕಿಲೋಮೀಟರ್ ಹೋದರೆ ಚನ್ನಪಟ್ಟಣ. ಹಾಲೆಮರವನ್ನು ಲೇತಿಗೆ ಹಾಕಿ, ಅರಗಿನ ಬಣ್ಣ ಹಚ್ಚಿ, ಕೇದಗೆ ಗರಿಯಿಂದ ಉಜ್ಜಿ ಹೊಳಪು ಕೊಡುವ ಕುಶಲಕರ್ಮಿಗಳು ಇರುವ ಊರು. ಅವರಿಗೂ ನಾಲ್ಕು ಕಾಸು ಸಿಗಲಿ. ಅವರ ಲೇತಿನಲ್ಲಿ ಮರ, ನಮ್ಮ ಲೇತಿನಲ್ಲಿ ಕಬ್ಬಿಣ. ಕಸುಬು ಒಂದೇ ತಾನೆ?

ಓಡುದಾರಿ ಬಹಳ ಸುಲಭ. 8ಕ್ಕೆ 4 ಅಡಿಯ ಒಂದು ಪ್ಲೈವುಡ್ ಶೀಟನ್ನು ಉದ್ದಕ್ಕೆ ನಾಲ್ಕಾಗಿ ಸೀಳಿ ಜೋಡಿಸಿದರೆ 32 ಅಡಿ. ಮೇಲೆ ಎರಡು ಸಾಲು ರೀಪು ಹೊಡೆದರೆ ಎರಡು ಕಾರು ಅಕ್ಕಪಕ್ಕ ಓಡುತ್ತವೆ. ಒಂದು ತುದಿ ಎದೆಯೆತ್ತರಕ್ಕೆ, ಇನ್ನೊಂದು ನೆಲದ ಮೇಲೆ. ರಸ್ತೆ ಬಂದ್ ಬೇಡ, ಬಸ್ಸಿನವರಿಗೆ ತೊಂದರೆ ಇಲ್ಲ. ಯಾವುದಾದರೂ ಶೆಡ್ಡಿನ ಅಂಗಳ ಸಾಕು.

ನಿಯಮ ಒಂದೇ ಬಿಗಿಯಾಗಿರಲಿ: ಕಾರಿನ ತೂಕ 150 ಗ್ರಾಂ ಮೀರಬಾರದು. ಅಂಗಡಿ ಸಾಹುಕಾರರೇ, ಇಲ್ಲಿ ನಿಮ್ಮ ಪಾತ್ರ ಬಂತು. ನಿಮ್ಮ ತಕ್ಕಡಿಯೇ ತೀರ್ಪುಗಾರ. ಗಿರಾಕಿಗಳ ಎದುರಿಗೇ ತೂಗಿ, ಸೀಲು ಹಾಕಿ ಕೊಡಿ!

ಇಷ್ಟರಲ್ಲಿ ಮಕ್ಕಳು ಎಷ್ಟು ಕಲೀತಾರೆ ನೋಡಿ. ಅಚ್ಚಿಗೆ ಹಾಕಿದ ಮೊಳೆ ಒರಟಾಗಿದ್ದರೆ ಕಾರು ಅರ್ಧ ದಾರಿಗೇ ಮುಗ್ಗರಿಸುತ್ತೆ. ಮೊಳೆಯನ್ನು ಉಪ್ಪುಕಾಗದದಲ್ಲಿ ಉಜ್ಜಿ, ಪೆನ್ಸಿಲ್ ಕಡ್ಡಿಯ ಪುಡಿ ಹಾಕಿದರೆ ಸರಾಗ. ಭಾರ ಹಿಂಭಾಗದಲ್ಲಿದ್ದರೆ ಅದು ಹೆಚ್ಚು ಎತ್ತರದಿಂದ ಇಳಿಯುತ್ತೆ, ವೇಗ ಬರುತ್ತೆ. ತೀರಾ ಹಿಂದಕ್ಕೆ ಇಟ್ಟರೆ ಮೂತಿ ಅಲ್ಲಾಡುತ್ತೆ. ಅಪ್ಪ ದಿನಾ ಮಾಡುವ ಕೆಲಸವೂ ಇದೇ ಅಲ್ಲವೆ? ತಿಕ್ಕಾಟ ಕಡಿಮೆ ಮಾಡುವುದು, ನೇರ ಹಿಡಿಯುವುದು, ಅಳತೆ ತಪ್ಪದಿರುವುದು. ಹುಡುಗಿಯರನ್ನೂ ಸೇರಿಸಿಕೊಳ್ಳಿ. ಶೆಡ್ಡುಗಳಲ್ಲಿ ದುಡಿಯುವ ಅಮ್ಮಂದಿರೇನು ಕಡಿಮೆ ಇಲ್ಲ.

ಎಲೆಕ್ಟ್ರಾನಿಕ್ ಸಿಟಿಯವರನ್ನೂ ವೈಟ್‌ಫೀಲ್ಡಿನವರನ್ನೂ ಕರೆಯೋಣ. 2023ರಲ್ಲಿ ವೈಟ್‌ಫೀಲ್ಡಿಗೆ ನೇರಳೆ ಮೆಟ್ರೋ ಬಂತು, 2025ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಹಳದಿ ಮೆಟ್ರೋ. ಅವರು ಲೆಕ್ಕ ತರಲಿ, ನಾವು ಲೇತ್ ಕೊಡೋಣ. ಒಂದೇ ಊರಿನಲ್ಲಿದ್ದೂ ಮುಖ ನೋಡದವರು ಒಂದು ಹಲಗೆಯ ಎರಡೂ ಬದಿ ನಿಂತು ಕೂಗಲಿ.

ಕೆಲವರು ಹೇಳ್ತಾರೆ, "ನನ್ನ ಮಗನ ಕೈಗೆ ಎಣ್ಣೆ ಹತ್ತಬಾರದು ಅಂತಲೇ ಓದಿಸ್ತಾ ಇದ್ದೀನಿ." ಮಾತು ನ್ಯಾಯವೇ. ಮಗ ಡಾಕ್ಟರೇ ಆಗಲಿ, ಯಾರು ಬೇಡ ಅಂದರು? ಆದರೆ ತಾನು ಯಾವ ಕೈಯ ದುಡಿಮೆಯಿಂದ ಡಾಕ್ಟರಾದೆ ಅನ್ನೋದು ಅವನಿಗೆ ಗೊತ್ತಿರಬೇಡವೆ?

ಮೂರು ಎಚ್ಚರಿಕೆ. ಒಂದು, ಪುಢಾರಿಗಳ ಭಾಷಣ ಬೇಡ. ಹಾರ-ತುರಾಯಿ ಮುಗಿಯುವ ಹೊತ್ತಿಗೆ ಮಕ್ಕಳು ನಿದ್ದೆ ಹೋಗ್ತಾರೆ. ಎರಡು, ಗರಗಸ ದೊಡ್ಡವರ ಕೈಯಲ್ಲಿರಲಿ, ಉಜ್ಜುವುದು, ಬಣ್ಣ, ಜೋಡಣೆ ಮಕ್ಕಳದು. ಮೂರು, ಗೆಲ್ಲುವ ಆಸೆಗೆ ಅಪ್ಪನೇ ಪೂರ್ತಿ ಕಾರು ಮಾಡಿಕೊಟ್ಟರೆ ಅದು ಮೋಸ. ಬೇಕಿದ್ದರೆ ಅಪ್ಪಂದಿರಿಗೇ ಬೇರೆ ಪಂದ್ಯ ಇಡೋಣ!

ಐದು ಶೆಡ್ಡಿನವರು, ಐದು ಅಂಗಡಿಯವರು ಮುಂದೆ ಬಂದರೆ ಸಾಕು. ಹಬ್ಬಕ್ಕೆ ಮೊದಲಿನ ಎರಡು ಶನಿವಾರ ಕಾರು ಮಾಡಿಸಿ. ಆಯುಧಪೂಜೆ ದಿನ ದೊಡ್ಡ ಮೆಷೀನಿನ ಪಕ್ಕದಲ್ಲೇ ಆ ಪುಟ್ಟ ಕಾರುಗಳಿಗೂ ಕುಂಕುಮ ಇಡಿ. ಗಾಲಿ ಕೆಳಗೆ ನಿಂಬೆಹಣ್ಣು ಮಾತ್ರ ಬೇಡಿ, ಪಾಪ, ಹತ್ತೋದಿಲ್ಲ. ಭಾನುವಾರ ಓಡಿಸಿ.

ಮುಂದಿನ ವರ್ಷ ಅದೇ ಫಾರಂ ಬಂದಾಗ ಆ ಹುಡುಗ ಯಾರನ್ನೂ ಕೇಳದೆ 'ಟರ್ನರ್' ಅಂತ ಬರೀಲಿ. ಏನಂತೀರಿ?