ಚಿತ್ರ ಯಾರದ್ದು, ದುಡ್ಡು ಯಾವಾಗ?

ಮುಂಬೈನಲ್ಲಿ ಹೋಟೆಲ್ ಮತ್ತು ಕಂಪನಿಗಳಿಗೆ ಫೋಟೊ ತೆಗೆದುಕೊಡುವುದು ನನ್ನ ವೃತ್ತಿ. ಊರಿನಿಂದಲೂ, ಪುಣೆ, ಹೈದರಾಬಾದ್‌ನ ಐಟಿ ಕಚೇರಿಗಳಿಂದಲೂ ನಮ್ಮ ಹುಡುಗ–ಹುಡುಗಿಯರು ಫೋನ್ ಮಾಡುತ್ತಿರುತ್ತಾರೆ. ‘ಸರ್, ಯಾವ ಕ್ಯಾಮೆರಾ ತಗೊಳ್ಳಲಿ?’ ಎಂಬುದು ಹಳೆಯ ಪ್ರಶ್ನೆ. ಈಗ ಅದರ ಹಿಂದೆಯೇ ಇನ್ನೊಂದು ಬರುತ್ತದೆ: ‘ಎಐ ಬಂದಿರುವಾಗ ಕೆಲಸ ಬಿಟ್ಟು ಈ ಕಡೆ ಬರಬಹುದಾ?’

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಎಐ ಎಲ್ಲರ ಅನ್ನಕ್ಕೂ ಒಂದೇ ರೀತಿ ಕೈ ಹಾಕಿಲ್ಲ. ಮೊದಲ ಪೆಟ್ಟು ಬಿದ್ದಿರುವುದು ಕ್ಯಾಟಲಾಗ್ ಕೆಲಸಕ್ಕೆ. ಬಿಳಿ ಹಿನ್ನೆಲೆಯಲ್ಲಿ ಚಪ್ಪಲಿ, ಕುರ್ತಾ, ಸೋಪಿನ ಫೋಟೊ ತೆಗೆಯುವ ಕೆಲಸದಲ್ಲಿ ಹೆಸರೇನೂ ಬರುತ್ತಿರಲಿಲ್ಲ, ಆದರೆ ಹೊಸಬರ ಮನೆ ಬಾಡಿಗೆ ಹುಟ್ಟುತ್ತಿತ್ತು. ಲೈಟ್ ಸ್ಟ್ಯಾಂಡ್ ಹೊತ್ತು ಅಸಿಸ್ಟೆಂಟ್ ಆಗಿ ಸೇರಿದವನು ಬೆಳಕು ಕಲಿಯುತ್ತಿದ್ದುದೂ ಅಲ್ಲಿಯೇ. ಈಗ ಫೋನಿನಲ್ಲಿ ಒಂದು ಫೋಟೊ ತೆಗೆದು, ಉಳಿದದ್ದನ್ನು ಎಐಯಿಂದ ಮಾಡಿಸಿಕೊಳ್ಳುವ ಗಿರಾಕಿಗಳಿದ್ದಾರೆ. ಏಣಿಯ ಕೆಳಗಿನ ಮೆಟ್ಟಿಲೇ ಸವೆಯುತ್ತಿದೆ.

ಆದರೆ ಧಾರೆ ಎರೆಯುವ ಗಳಿಗೆ, ಕಾರ್ಖಾನೆಯ ಒಳಗಿನ ಕೆಲಸ, ಮಳೆಯಲ್ಲಿ ಮುಳುಗಿದ ರಸ್ತೆ, ಇವಕ್ಕೆ ಒಬ್ಬರು ಅಲ್ಲಿ ಇರಲೇಬೇಕು. ನಡೆದದ್ದು ನಡೆದಂತೆ ಬೇಕಾದ ಕಡೆ ಗಿರಾಕಿ ದುಡ್ಡು ಕೊಡುವುದು ಚಿತ್ರಕ್ಕೆ ಮಾತ್ರವಲ್ಲ, ಅದನ್ನು ತೆಗೆದವರ ಮೇಲಿನ ನಂಬಿಕೆಗೂ. ಹೊಸಬರು ದಾರಿ ಹುಡುಕಬೇಕಾದದ್ದು ಈ ಕಡೆಗೆ. ಅದಕ್ಕೆ ಮೊದಲ ದಿನವೇ ದುಬಾರಿ ಕ್ಯಾಮೆರಾ ಬೇಕಿಲ್ಲ. ದಿನದ ಬಾಡಿಗೆಗೆ ಕ್ಯಾಮೆರಾ, ಲೆನ್ಸ್ ಎರಡೂ ಸಿಗುತ್ತವೆ. ಸಾಲದ ಕಂತು ಶುರುವಾದರೆ ಮಾತ್ರ, ಬಂದ ಕೆಲಸವನ್ನೆಲ್ಲ ಕೇಳಿದ ರೇಟಿಗೆ ಒಪ್ಪಿಕೊಳ್ಳಬೇಕಾಗುತ್ತದೆ.

ಕ್ಯಾಮೆರಾಕ್ಕಿಂತ ಮೊದಲು ತಿಳಿಯಬೇಕಾದದ್ದು, ತೆಗೆದ ಚಿತ್ರ ಯಾರದ್ದು ಎಂಬುದು. 1957ರ ಕೃತಿಸ್ವಾಮ್ಯ ಕಾಯ್ದೆ ಫೋಟೊ ತೆಗೆದವರನ್ನೇ ಅದರ ಕರ್ತೃ ಎನ್ನುತ್ತದೆ. ಹಕ್ಕು ಮಾತ್ರ ಯಾವಾಗಲೂ ಅವರದ್ದಲ್ಲ. 17ನೇ ಸೆಕ್ಷನ್ ಪ್ರಕಾರ, ಯಾರೋ ದುಡ್ಡು ಕೊಟ್ಟು ಹೇಳಿ ತೆಗೆಸಿದ ಚಿತ್ರದ ಮೊದಲ ಹಕ್ಕುದಾರರು ತೆಗೆಸಿದವರು. ಮದುವೆ ಫೋಟೊಗಳ ಹಕ್ಕು ಸಾಮಾನ್ಯವಾಗಿ ಮನೆಯವರದ್ದು, ಜಾಹೀರಾತಿನದ್ದು ಕಂಪನಿಯದ್ದು. ನೌಕರಿಯ ಭಾಗವಾಗಿ ತೆಗೆದದ್ದು ಮಾಲೀಕರದ್ದು. ಪತ್ರಿಕೆಯ ನೌಕರರಾದರೆ ಪ್ರಕಟಣೆಯ ಹಕ್ಕು ಪತ್ರಿಕೆಗೆ, ಉಳಿದದ್ದು ತೆಗೆದವರಿಗೆ. ಆದರೆ ಇವೆಲ್ಲಕ್ಕೂ ಒಂದು ಷರತ್ತಿದೆ: ಬೇರೆ ಒಪ್ಪಂದ ಇಲ್ಲದಿದ್ದರೆ ಮಾತ್ರ.

ಆ ಒಪ್ಪಂದ ಇರುವುದು ನಮ್ಮ ಕೈಯಲ್ಲಿ. ಚಿತ್ರ ವೆಬ್‌ಸೈಟಿಗೋ ಹೋರ್ಡಿಂಗಿಗೋ, ಎಷ್ಟು ವರ್ಷಕ್ಕೆ, ಎಐ ತರಬೇತಿಗೆ ಕೊಡಬಹುದೋ ಇಲ್ಲವೋ, ಇಷ್ಟನ್ನು ಒಂದು ಪುಟದಲ್ಲಿ ಬರೆದು ಸಹಿ ಹಾಕಿಸಿಕೊಳ್ಳಬಹುದು. ಇತರರ ಬರಹ, ಚಿತ್ರಗಳನ್ನು ಎಐ ಕಂಪನಿಗಳು ತರಬೇತಿಗೆ ಬಳಸಬಹುದೇ ಎಂಬ ಪ್ರಶ್ನೆ ಈಗ ದೊಡ್ಡದಾಗಿದೆ. ಸುದ್ದಿಸಂಸ್ಥೆ ಎಎನ್‌ಐ 2024ರಲ್ಲಿ ಓಪನ್‌ಎಐ ವಿರುದ್ಧ ದೆಹಲಿ ಹೈಕೋರ್ಟ್ ಮೆಟ್ಟಿಲೇರಿದೆ. ಮುಂದೆ ಕಾನೂನು ಯಾವ ಕಡೆ ವಾಲಿದರೂ, ‘ಇದು ನನ್ನದು’ ಎಂದು ತೋರಿಸಲು ಮೂಲ ಫೈಲ್ ಮತ್ತು ಕಾಗದ ಎರಡೂ ಬೇಕು.

ಇನ್ನು ದುಡ್ಡಿನ ಮಾತು. ಒಮ್ಮೆ ಒಂದು ಕಂಪನಿಯ ಬಿಲ್ ಕೈಗೆ ಬರಲು ಏಳು ತಿಂಗಳಾಯಿತು. ಆ ಏಳು ತಿಂಗಳೂ ನಮ್ಮ ಮನೆ ಮಾಲೀಕರು ಒಂದನೇ ತಾರೀಕಿಗೇ ಬಾಡಿಗೆ ಕೇಳಿದರು. ಇಂಥ ಕಡೆ ನೆರವಿಗೆ ಬರುವುದು 2006ರ ಎಂಎಸ್‌ಎಂಇ ಕಾಯ್ದೆ. ಉದ್ಯಮ್ ಪೋರ್ಟಲ್‌ನಲ್ಲಿ ನೋಂದಣಿಗೆ ಶುಲ್ಕವಿಲ್ಲ, ಒಬ್ಬರೇ ಕೆಲಸ ಮಾಡುವವರೂ ಸೇರಬಹುದು. ನೋಂದಾಯಿಸಿದ ಸಣ್ಣ ಉದ್ಯಮಗಳಿಗೆ, ಲಿಖಿತ ಒಪ್ಪಂದ ಇದ್ದರೂ 45 ದಿನದೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಬರೆಯತೊಡಗಿದ ಮೇಲೆ ಅಕೌಂಟ್ಸ್ ವಿಭಾಗದವರ ಮಾತಿನ ಧಾಟಿ ಬದಲಾಗಿದ್ದನ್ನು ಕಂಡಿದ್ದೇನೆ. ಆದರೂ ಆರು ತಿಂಗಳ ಮನೆಖರ್ಚು ಕೈಯಲ್ಲಿಲ್ಲದೆ ಸಂಬಳದ ಕೆಲಸ ಬಿಡಬೇಡಿ ಎಂದೇ ಕೇಳಿದವರಿಗೆ ಹೇಳುತ್ತೇನೆ. ಅಲ್ಲಿಯವರೆಗೆ ಶನಿವಾರ, ಭಾನುವಾರಗಳಿವೆ.

ಆ ರಜೆಗಳಲ್ಲಿ ಯಾರೂ ಹೇಳದೆ, ನಮಗಾಗಿ ತೆಗೆದ ಚಿತ್ರಗಳ ಹಕ್ಕು ಪೂರ್ತಿ ನಮ್ಮದು. ಮೈಸೂರಿನ ಟಿ.ಎಸ್. ಸತ್ಯನ್ ಡೆಕ್ಕನ್ ಹೆರಾಲ್ಡ್‌ನಲ್ಲಿ, ಆಮೇಲೆ ಮುಂಬೈನ ಇಲಸ್ಟ್ರೇಟೆಡ್ ವೀಕ್ಲಿಯಲ್ಲಿ ದುಡಿದು, ದೆಹಲಿಯಲ್ಲಿ ಸ್ವತಂತ್ರ ಛಾಯಾಗ್ರಾಹಕರಾಗಿ ಬೆಳೆದರು. ಪದ್ಮಶ್ರೀ ಪಡೆದ ಅವರನ್ನು ನಾವು ನೆನೆಯುವುದು ಗಣ್ಯರ ಚಿತ್ರಗಳಿಗಿಂತ ಹೆಚ್ಚಾಗಿ ಸಾಮಾನ್ಯ ಜನ, ಮಕ್ಕಳ ಚಿತ್ರಗಳಿಂದ. ಮುಂಬೈನ ಕನ್ನಡಿಗರಿಗೂ ವಿಷಯಕ್ಕೆ ಬರವಿಲ್ಲ. ನಮ್ಮವರ ಹೋಟೆಲ್‌ಗಳ ಅಡುಗೆಮನೆಗಳು, ಕನ್ನಡ ಶಾಲೆಗಳು, ಯಕ್ಷಗಾನದ ಚೌಕಿ ಎಲ್ಲವೂ ಕಣ್ಣೆದುರೇ ಬದಲಾಗುತ್ತಿವೆ.

ಕೊನೆಗೆ ನಮ್ಮ ಸಂಘಗಳಿಗೊಂದು ಮಾತು. ರಾಜ್ಯೋತ್ಸವಕ್ಕೆ ಶಾಮಿಯಾನಕ್ಕೂ, ಊಟಕ್ಕೂ, ಮೈಕಿಗೂ ದುಡ್ಡಿರುತ್ತದೆ. ಫೋಟೊಗೆ ಮಾತ್ರ ‘ನಮ್ಮ ಹುಡುಗ ಇದ್ದಾನಲ್ಲ’. ಆ ಹುಡುಗನಿಗೆ ಅದು ಮೊದಲ ಬಿಲ್ ಆಗಬಹುದಿತ್ತು. ಕೊಡುವುದು ಎರಡೇ ಸಾವಿರವಾದರೂ ಬಿಲ್ ತೆಗೆದುಕೊಂಡು ಕೊಡಿ, ಸ್ಮರಣ ಸಂಚಿಕೆಯಲ್ಲಿ ಚಿತ್ರದ ಕೆಳಗೆ ಅವನ ಹೆಸರು ಹಾಕಿ. ಸವೆದ ಮೆಟ್ಟಿಲಿನ ಜಾಗದಲ್ಲಿ ಹೊಸಬರು ಕಾಲಿಡಲು ಅಷ್ಟಾದರೂ ಸಿಕ್ಕಂತಾಗುತ್ತದೆ.