ಆನಿಮೇಷನ್ ವಿದ್ಯೆಯೂ ವಿದ್ಯಾರ್ಥಿಯ ಪ್ರಗತಿಯೂ

ಗ್ರಾಮಾಂತರ ಶಾಲೆಯಲ್ಲಿ ಓದಿದ ಹುಡುಗನೊಬ್ಬ ಆನಿಮೇಷನ್ ಕಲಿಯುತ್ತಿರುವನೆಂದರೆ ಸಾಮಾನ್ಯವಾಗಿ ಕೇಳಿಬರುವ ಪ್ರಶ್ನೆಗಳು ಎರಡೇ: ಎಷ್ಟು ಸಾಫ್ಟ್‌ವೇರ್‌ಗಳು ಬರುತ್ತವೆ? ಸಂಬಳವೆಷ್ಟು ಸಿಗುವುದು? ಅವನ ಕಣ್ಣು ಎಷ್ಟು ಪಳಗಿದೆಯೆಂದು ಯಾರೂ ಕೇಳರು. ಈ ವಿದ್ಯೆಯಲ್ಲಿ ಪ್ರಗತಿಯನ್ನು ಅಳೆಯತಕ್ಕದ್ದು ಆ ಮೂರನೆಯ ಪ್ರಶ್ನೆಯಿಂದಲೇ.

ಹೆಸರು ಹೊಸದಾದರೂ ಅದರ ಬೇರು ನಮಗೆ ಅಪರಿಚಿತವಲ್ಲ. ಲ್ಯಾಟಿನ್ ಭಾಷೆಯ ‘ಆನಿಮ’ ಎಂದರೆ ಉಸಿರು, ಜೀವ. ಸಂಸ್ಕೃತದ ‘ಪ್ರಾಣ’ ಶಬ್ದದೊಳಗಿರುವ ‘ಅನ್’ ಧಾತುವೂ ಅದೂ ಒಂದೇ ಮೂಲದವು. ಜಡರೇಖೆಗೆ ಉಸಿರು ತುಂಬುವುದೇ ಈ ವಿದ್ಯೆ.

ಅಕ್ಷರಾಭ್ಯಾಸವು ಇಲ್ಲಿ ಪುಟಿಯುವ ಚೆಂಡಿನಿಂದ ಮೊದಲಾಗುತ್ತದೆ. ರಬ್ಬರಿನ ಚೆಂಡಾಗಲಿ ಕಬ್ಬಿಣದ ಗುಂಡಾಗಲಿ ಕಾಗದದ ಮೇಲೆ ಒಂದೇ ವೃತ್ತ. ಯಾವುದು ಹಗುರ, ಯಾವುದು ಭಾರವೆಂಬುದನ್ನು ಚಲನೆಯೇ ಹೇಳಬೇಕು. ಸೆಕೆಂಡಿಗೆ 24ರಂತೆ ಒಂದು ನಿಮಿಷದ ಚಿತ್ರಕ್ಕೆ 1440 ಚೌಕಟ್ಟುಗಳು. ಚೆಂಡಾದ ಮೇಲೆ ಹಿಟ್ಟಿನ ಚೀಲ, ಬಳಿಕ ನಡಿಗೆ, ಕಡೆಗೆ ಅಭಿನಯ. ಡಿಸ್ನಿ ಸಂಸ್ಥೆಯ ಫ್ರ್ಯಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ 1981ರ ತಮ್ಮ ಗ್ರಂಥದಲ್ಲಿ ಇದಕ್ಕೆ 12 ಸೂತ್ರಗಳನ್ನು ನಿರೂಪಿಸಿದ್ದಾರೆ. ಹೆಚ್ಚಿನವರು ಮುಗ್ಗರಿಸುವುದು ನಡಿಗೆಯಲ್ಲಿಯೇ.

ಉಡಿಗಾಲದ ಹುಡುಗನಿಗೆ ಇಲ್ಲಿ ಸುಲಭವಾಗಿ ದೊರೆಯುವ ಪಾಠ ನಗರದವನಿಗೆ ದುರ್ಲಭ. ಹೊಲದಿಂದ ಮರಳುವ ಎತ್ತನ್ನು ನೋಡಿರಿ: ಎಡದ ಹಿಂಗಾಲು, ಎಡದ ಮುಂಗಾಲು, ಬಲದ ಹಿಂಗಾಲು, ಬಲದ ಮುಂಗಾಲು, ಹೀಗೆ ಸಾಗುತ್ತದೆ ಅದರ ಹೆಜ್ಜೆ. ಬಂಡೀಪುರದ ಆನೆ ಎಷ್ಟೇ ವೇಗವಾಗಿ ಧಾವಿಸಲಿ, ಈ ಅನುಕ್ರಮವನ್ನು ಬಿಡದು. ಕುದುರೆಯ ನಾಗಾಲೋಟ ಅದಕ್ಕಿಲ್ಲ. ತುಂಬಿದ ಕೊಡ ಹೊತ್ತವಳ ಸೊಂಟ ಯಾವ ಕಡೆಗೆ ವಾಲುತ್ತದೆಂದು ಮನೆಯಂಗಳದಲ್ಲಿಯೇ ನೋಡಬಹುದು. ಇದನ್ನು ಕಾಣದವನಿಗೆ ಯಂತ್ರ ಏನನ್ನು ತಾನೇ ತೋರಿಸೀತು?

ಬೇರೆಬೇರೆಯಾಗಿ ತೆಗೆದ ದೃಶ್ಯಗಳನ್ನು ಒಂದೇ ಚೌಕಟ್ಟಿನಲ್ಲಿ ಬೆಸೆಯುವ ಕಂಪಾಸಿಟಿಂಗ್ ಕಲೆಗೂ ಇದೇ ಮಾತು ಸಲ್ಲುತ್ತದೆ. ಈ ಸೀಮೆಗೆ ಹೊಂದಿಕೊಂಡ ಗಾಜನೂರಿನ ಡಾ. ರಾಜ್‌ಕುಮಾರ್ 1977ರ ‘ಬಭ್ರುವಾಹನ’ದಲ್ಲಿ ತಂದೆಯೂ ತಾವೇ ಮಗನೂ ತಾವೇ ಆಗಿ ಎದುರುಬದುರು ನಿಂತದ್ದು ಹಳಬರಿಗೆ ನೆನಪಿದೆ. ಗಣಕಯಂತ್ರವಿಲ್ಲದ ಆ ಕಾಲದಲ್ಲಿ ದ್ವಿಪಾತ್ರಕ್ಕೆ ರೂಢಿಯಲ್ಲಿದ್ದ ಕ್ರಮವೆಂದರೆ ಮಸೂರದ ಅರ್ಧವನ್ನು ಮುಚ್ಚಿ ಚಿತ್ರಿಸುವುದು, ಫಿಲ್ಮನ್ನು ಹಿಂದಕ್ಕೆ ಸುತ್ತುವುದು, ಉಳಿದರ್ಧವನ್ನು ತೆರೆದು ಮತ್ತೆ ಚಿತ್ರಿಸುವುದು. ಕ್ಯಾಮೆರಾ ಕೂದಲೆಳೆಯಷ್ಟು ಅಲುಗಿದರೂ ಗುಟ್ಟು ರಟ್ಟಾಗುತ್ತಿತ್ತು. ಇಂದು ಹಸುರು ಪರದೆಯನ್ನು ಗಣಕಯಂತ್ರವೇ ತೆಗೆದುಹಾಕುತ್ತದೆ. ಆದರೆ ಬೆಳಕು ಬಂದ ದಿಕ್ಕು, ನೆರಳಿನ ಗಾಢತೆ, ದೂರದ ಬೆಟ್ಟ ಮಾಸಲಾಗಿ ಕಾಣುವ ಬಗೆ, ಇವನ್ನು ಹೊಂದಿಸುವವನು ಮನುಷ್ಯನೇ.

ಕರ್ನಾಟಕ ಸರ್ಕಾರ 2012ರಲ್ಲಿಯೇ ಈ ಉದ್ಯಮಕ್ಕಾಗಿ ಪ್ರತ್ಯೇಕ ನೀತಿಯನ್ನು ಪ್ರಕಟಿಸಿತು. ಸಾಧನವೂ ಈಗ ದುಬಾರಿಯಲ್ಲ. ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದಾದ ಬ್ಲೆಂಡರ್‌ನಲ್ಲಿ ರಚಿತವಾದ ಲಾಟ್ವಿಯ ದೇಶದ ‘ಫ್ಲೋ’ ಚಿತ್ರವು 2025ರಲ್ಲಿ ಆಸ್ಕರ್ ಪಡೆಯಿತು. ಅದರಲ್ಲಿ ಮಾತೇ ಇಲ್ಲ, ಬೆಕ್ಕು ನಾಯಿಗಳ ನಡೆನುಡಿಯಲ್ಲಿ ನಡೆಯಷ್ಟೇ ಇದೆ!

ಹೀಗಿರಲು ಶಾಲೆಗಳಲ್ಲಿ ಕೊರತೆಯಾಗಿರುವುದು ಚಿತ್ರಕಲೆಯ ಅವಧಿಯೇ ಹೊರತು ಯಂತ್ರವಲ್ಲ. ಪರೀಕ್ಷೆ ಹತ್ತಿರವಾದಂತೆ ಮೊದಲು ಗಣಿತಕ್ಕೆ ಬಲಿಯಾಗುವುದು ಅದೇ. ಗಣಕಯಂತ್ರದ ಮೇಲೆ ದಾನಿಗಳ ಹೆಸರನ್ನು ಬರೆಸಬಹುದು, ಚಿತ್ರಕಲಾ ಶಿಕ್ಷಕನ ಸಂಬಳದ ಮೇಲೆ ಬರೆಸಲಾಗದು. ದಾನವು ಒಂದೇ ಕಡೆಗೆ ಹರಿಯಲು ಇದೂ ಒಂದು ಕಾರಣವಿರಬಹುದು. ಕೊಡುವ ಮನಸ್ಸುಳ್ಳ ಮಹನೀಯರು ಎರಡು ಯಂತ್ರ ಕಡಿಮೆ ಮಾಡಿ, ಒಬ್ಬ ಚಿತ್ರಕಲಾ ಶಿಕ್ಷಕನನ್ನೂ ಪ್ರತಿ ಮಗುವಿಗೆ ಗೆರೆಯಿಲ್ಲದ ಒಂದು ಪುಸ್ತಕವನ್ನೂ ಒದಗಿಸಲಿ. ಶಿಕ್ಷಕರು ವಾರಕ್ಕೊಮ್ಮೆ ಮಕ್ಕಳನ್ನು ಸಂತೆಗೋ ದನದ ಕೊಟ್ಟಿಗೆಗೋ ಕರೆದೊಯ್ದು, ಕಂಡದ್ದನ್ನು ಅಲ್ಲಿಯೇ ಕುಳಿತು ಬರೆಯಿಸಲಿ.