ಮಲೆನಾಡಿನ ಹುಳಿಮಣ್ಣಿಗೆ ಗುಣಮಟ್ಟದ ಸುಣ್ಣ: ಮನವಿ ಪತ್ರ

ಇವರಿಗೆ: ಕೃಷಿ ಹಾಗೂ ತೋಟಗಾರಿಕೆ ಇಲಾಖೆಗಳು, ಕರ್ನಾಟಕ ಸರ್ಕಾರ
ಮೂಲಕ: ಮಾನ್ಯ ಜಿಲ್ಲಾಧಿಕಾರಿಗಳು, ಶಿವಮೊಗ್ಗ
ಇವರಿಂದ: ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳ ಅಡಿಕೆ ಮತ್ತು ಭತ್ತದ ಬೆಳೆಗಾರರು

ವಿಷಯ: ಮುಂಗಾರಿಗೆ ಮೊದಲು ಕೃಷಿ ಸುಣ್ಣ ಒದಗಿಸುವ ಕುರಿತು.

ಮಾನ್ಯರೇ,

ಕೃಷಿ ಸುಣ್ಣದ ಮೂಲವಾದ ಸುಣ್ಣಕಲ್ಲು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ ಭಾಗದಲ್ಲೂ ಬಾಗಲಕೋಟೆ ಜಿಲ್ಲೆಯಲ್ಲೂ ಇದರ ದೊಡ್ಡ ನಿಕ್ಷೇಪಗಳಿವೆ. ಅಲ್ಲಿನ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದು ಈ ಕಲ್ಲಿನ ಮೇಲೆಯೇ. ಸಿಮೆಂಟಿನ ಮೂಲವಸ್ತುವಾದ ಒಂದು ಟನ್ ಕ್ಲಿಂಕರ್‌ಗೆ ಸುಮಾರು ಒಂದೂವರೆ ಟನ್ ಕಲ್ಲು ಬೇಕು. ಉಕ್ಕು ಕಾರ್ಖಾನೆಯ ಊದು ಕುಲುಮೆಯಲ್ಲಿ ಅದಿರಿನ ಕಲ್ಮಶ ಕಿಟ್ಟವಾಗಿ ಬೇರೆಯಾಗುವುದಕ್ಕೂ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಹಾಲು ತಿಳಿಯಾಗುವುದಕ್ಕೂ ಇದರ ಬಳಕೆಯಿದೆ.

ಕೃಷಿಗೆ ಇದರ ಅಗತ್ಯ ಅಷ್ಟೇ ದೊಡ್ಡದು. ಮಲೆನಾಡಿನ ಜಡಿಮಳೆ ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ತೊಳೆದೊಯ್ದು ಹುಳಿಯನ್ನು ಉಳಿಸುತ್ತದೆ. ರಸಸಾರ 5.5ಕ್ಕಿಂತ ಕೆಳಗಿಳಿದಾಗ ಕಬ್ಬಿಣ, ಅಲ್ಯೂಮಿನಿಯಂ ಅಂಶಗಳು ರಂಜಕವನ್ನು ಕಟ್ಟಿಹಾಕುತ್ತವೆ. ಸುರಿದ ಗೊಬ್ಬರ ಬೇರಿಗೆ ದಕ್ಕುವುದಿಲ್ಲ. ಪುಡಿಮಾಡಿದ ಸುಣ್ಣಕಲ್ಲು ಈ ಹುಳಿಯನ್ನು ತಗ್ಗಿಸುತ್ತದೆ. ಪುಡಿ ನುಣ್ಣಗಿದ್ದಷ್ಟೂ ಬೇಗ ಕೆಲಸ ಮಾಡುತ್ತದೆ. ತರಿ ಹಾಗೆಯೇ ಉಳಿಯುತ್ತದೆ.

ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಶೇ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಸುಣ್ಣಕಲ್ಲನ್ನು ಸುಟ್ಟು ತಯಾರಿಸಿದ ಒಂದು ಕಿಲೋ ಸುಣ್ಣ ಬೇಕು. ಹೊಳೆಯುವ ಚಾಕುವನ್ನು ಅದ್ದಿ ತೆಗೆದಾಗ ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದೆಂದು ಅರ್ಥ. ಅಂಥ ದ್ರಾವಣ ಎಳೆಗಾಯನ್ನು ಸುಡುತ್ತದೆ. ಗಾಳಿಗೆ ಬಿಟ್ಟ ಹಳೆಯ ಸುಣ್ಣ ಮತ್ತೆ ಕಾರ್ಬೊನೇಟ್ ಆಗಿ ಸತ್ವ ಕಳೆದುಕೊಳ್ಳುವುದರಿಂದ, ಅಳತೆ ಸರಿಯಿದ್ದರೂ ಮದ್ದು ಕೆಡುತ್ತದೆ.

ಆದ್ದರಿಂದ ಬೆಳೆಗಾರರ ಬೇಡಿಕೆಗಳು ಹೀಗಿವೆ:

1. ಮಣ್ಣು ಪರೀಕ್ಷೆಯ ವರದಿಯಲ್ಲಿ ರಸಸಾರದೊಂದಿಗೆ ಎಕರೆಗೆ ಬೇಕಾದ ಸುಣ್ಣದ ಪ್ರಮಾಣವನ್ನೂ ನಮೂದಿಸಬೇಕು. ಅಂದಾಜಿಗೆ ಹೆಚ್ಚು ಹಾಕಿದರೆ ಸತು, ಬೋರಾನ್ ಕೊರತೆ ಕಾಡುತ್ತದೆ.

2. ಕೃಷಿ ಸುಣ್ಣದ ಚೀಲದ ಮೇಲೆ ಹುಳಿ ತಗ್ಗಿಸುವ ಸಾಮರ್ಥ್ಯ ಮತ್ತು ಪುಡಿಯ ನುಣುಪನ್ನು ಮುದ್ರಿಸುವುದು ಕಡ್ಡಾಯವಾಗಬೇಕು.

3. ಬೋರ್ಡೋಗೆ ಬಳಸುವ ಸುಣ್ಣವನ್ನು ಗಾಳಿಯಾಡದ ಚೀಲದಲ್ಲಿ, ತಯಾರಿಕೆಯ ದಿನಾಂಕದೊಂದಿಗೆ ಮಾರಾಟ ಮಾಡಿಸಬೇಕು.

4. ರೈತ ಸಂಪರ್ಕ ಕೇಂದ್ರಗಳಲ್ಲಿ ಮೇ ಮೊದಲ ವಾರದೊಳಗೆ ದಾಸ್ತಾನಿರಬೇಕು. ಮೊದಲ ಸಿಂಪರಣೆ ಮುಂಗಾರಿಗೆ ಮುನ್ನವೇ ಮುಗಿಯಬೇಕಾದ ಕೆಲಸ.

5. ಉತ್ತರ ಕರ್ನಾಟಕದಿಂದ ಮಲೆನಾಡಿಗೆ ಸುಣ್ಣ ಸಾಗಿಸುವ ವೆಚ್ಚಕ್ಕೆ ಸಹಾಯಧನ ನೀಡಬೇಕು. ಭಾರದ ಸರಕಾದ್ದರಿಂದ ಲಾರಿ ಬಾಡಿಗೆಯೇ ಸಣ್ಣ ಹಿಡುವಳಿದಾರರ ಕೈ ಕಟ್ಟುತ್ತದೆ.

ಈ ಬೇಡಿಕೆಗಳನ್ನು ಬರುವ ಮುಂಗಾರಿಗೆ ಮೊದಲೇ ಈಡೇರಿಸಬೇಕೆಂದು ಬೆಳೆಗಾರರು ವಿನಂತಿಸುತ್ತಾರೆ.